ಗುಳೆ ಹೋಗುವ ಮಕ್ಕಳ ಶಿಕ್ಷಣ ಮತ್ತು ಗ್ರಾಮ ಪಂಚಾಯಿತಿಯ ಮಕ್ಕಳ ವಹಿ

ಸರ್ವ ಶಿಕ್ಷಾ ಅಭಿಯಾನವು ಆರಂಭವಾದಾಗ ಅದರ ಗುರಿಗಳು ಸ್ಪಷ್ಟವಾಗಿದ್ದವು. 2003ರೊಳಗೆ ಎಲ್ಲ ಮಕ್ಕಳೂ ಶಾಲೆಗೆ ಸೇರಬೇಕು, 2007ರೊಳಗೆ ಐದು ವರ್ಷಗಳ ಶಿಕ್ಷಣವನ್ನೂ 2010ರೊಳಗೆ ಎಂಟು ವರ್ಷಗಳ ಶಿಕ್ಷಣವನ್ನೂ ಪೂರೈಸಬೇಕು ಎಂಬುದು ಆಶಯ. 2002ರ ಸಂವಿಧಾನ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವು ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 2018ರಲ್ಲಿ ಅಭಿಯಾನವು ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನವಾಯಿತು. ಇಲ್ಲಿ ಸದಸ್ಯರು ಒಂದು ಭೇದವನ್ನು ಗಮನಿಸಬೇಕು. ಯೋಜನೆಯು ಕೇಂದ್ರ ಮತ್ತು ರಾಜ್ಯಗಳ 60:40ರ ಪಾಲಿನಲ್ಲಿ ಹಣ ಒದಗಿಸುತ್ತದೆ. ಹೊಣೆಯನ್ನು ವಹಿಸುವುದು ಕಾಯ್ದೆ. ಆ ಹೊಣೆಯು ಶಿಕ್ಷಣ ಇಲಾಖೆಗೆ ಮಾತ್ರ ಸೇರಿದ್ದಲ್ಲ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರಷ್ಟಿದ್ದರೆ ನಮ್ಮ ಜಿಲ್ಲೆಯದು ಶೇ. 65ರ ಆಸುಪಾಸಿನಲ್ಲಿತ್ತು, ಮಹಿಳೆಯರಲ್ಲಿ ಶೇ. 55 ಮಾತ್ರ. 2002ರ ನಂಜುಂಡಪ್ಪ ಸಮಿತಿಯ ವರದಿಯು ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತ್ತು. ವಾಡಿ ಮತ್ತು ಶಹಾಬಾದ ಪಟ್ಟಣಗಳು ಆಗ ಚಿತ್ತಾಪುರ ತಾಲೂಕಿನಲ್ಲೇ ಇದ್ದವು. ಅದೇ 2002ರಲ್ಲಿ ರಾಜ್ಯದ ಬಿಸಿಯೂಟ ಯೋಜನೆಯು ಮೊದಲು ಆರಂಭವಾದದ್ದೂ ನಮ್ಮ ಜಿಲ್ಲೆಯನ್ನೊಳಗೊಂಡ ಏಳು ಜಿಲ್ಲೆಗಳಲ್ಲಿಯೇ.

ಇಂದಿನ ತೊಡಕು ದಾಖಲಾತಿಯದಲ್ಲ. ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕಗಳು ತುಂಬಿರುತ್ತವೆ. ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು, ತೊಗರಿ ರಾಶಿ ಮುಗಿದ ಮೇಲೆ ಕಟ್ಟಡ ಕೆಲಸಕ್ಕೆ, ಚಿಂಚೋಳಿ ಮತ್ತು ಸೇಡಂ ಭಾಗದ ತಾಂಡಾಗಳ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೊರಡುತ್ತವೆ. ಜೂನ್‌ನಲ್ಲಿ ತುಂಬಿದ್ದ ಪುಸ್ತಕದ ಬೆಲೆ ಜನವರಿಯಲ್ಲಿ ತಿಳಿಯುತ್ತದೆ.

ನಾಲ್ಕನೆಯ ತರಗತಿಯ ಒಬ್ಬ ಬಾಲಕಿಯನ್ನು ಊಹಿಸಿಕೊಳ್ಳೋಣ. ನವೆಂಬರ್‌ನಲ್ಲಿ ತಂದೆ ತಾಯಿಯರೊಡನೆ ಹೋಗಿ ಮಾರ್ಚ್ ಕೊನೆಗೆ ಮರಳುತ್ತಾಳೆ. ಊರಿನ ಶಾಲೆಯಲ್ಲಿ ಹೆಸರಿದೆ, ಮಗು ಇಲ್ಲ. ಹೋದೆಡೆಯಲ್ಲಿ ಮಗುವಿದೆ, ಹೆಸರಿಲ್ಲ. ಕಾಯ್ದೆಯ 9ನೆಯ ಪ್ರಕರಣವು ಇಂತಹ ಮಗುವನ್ನು ಕಣ್ಣ ಮುಂದೆ ಇಟ್ಟುಕೊಂಡೇ ರಚಿತವಾದಂತಿದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ಪ್ರವೇಶ ಮಾತ್ರವಲ್ಲದೆ ಹಾಜರಾತಿ ಹಾಗೂ ಶಿಕ್ಷಣ ಪೂರೈಸುವಿಕೆಯ ಮೇಲೆ ನಿಗಾ ವಹಿಸುವುದು, ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಸ್ಥಳೀಯ ಪ್ರಾಧಿಕಾರವೆಂಬ ಪದದಲ್ಲಿ ಪಂಚಾಯಿತಿಗಳೂ ಸೇರಿವೆ.

ಆದುದರಿಂದ ಮಕ್ಕಳ ವಹಿಯನ್ನು ವರ್ಷಕ್ಕೊಮ್ಮೆ ಭರ್ತಿ ಮಾಡಿ ಕಪಾಟಿನಲ್ಲಿ ಇಡುವುದು ಸಾಲದು. ಅಕ್ಟೋಬರ್‌ನಲ್ಲೇ, ಮುಕಾದಮರು ಮುಂಗಡ ಹಣ ಕೊಡುವ ಮೊದಲೇ, ಯಾವ ಮನೆಯವರು ಹೊರಡಲಿದ್ದಾರೆ, ಮಗುವನ್ನು ನೋಡಿಕೊಳ್ಳುವ ಅಜ್ಜಿ ಅಥವಾ ಚಿಕ್ಕಮ್ಮ ಊರಲ್ಲಿ ಉಳಿಯುವರೇ ಎಂಬುದನ್ನು ವಾರ್ಡಿನ ಸದಸ್ಯರು ಬರೆಸಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಲಸಿಗರ ಮಕ್ಕಳಿಗಾಗಿ ಋತುಮಾನ ವಸತಿ ನಿಲಯಗಳಿಗೆ ಅವಕಾಶವಿದೆ. ಕುಟುಂಬಗಳು ಹೊರಟುಹೋದ ಮೇಲೆ ಕೋರಿಕೆ ಕಳುಹಿಸಿದರೆ ನಿಲಯವಿರುತ್ತದೆ, ಮಕ್ಕಳಿರುವುದಿಲ್ಲ. ಮಕ್ಕಳು ಜೊತೆಗೆ ಹೋಗಲೇಬೇಕಾದಲ್ಲಿ ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡುವುದು ಖರ್ಚಿಲ್ಲದ ಕೆಲಸ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 5). ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ (ಪ್ರಕರಣ 14). ಮರಳಿ ಬಂದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಗಳಿಗೆ ವಿಶೇಷ ತರಬೇತಿ ನೀಡಬೇಕೆಂದು 4ನೆಯ ಪ್ರಕರಣ ಹೇಳುತ್ತದೆ.

ವಾಡಿ ಮತ್ತು ಶಹಾಬಾದಿನ ಸುತ್ತಲಿನ ಪಂಚಾಯಿತಿಗಳಲ್ಲಿ ಚಿತ್ರ ತಿರುಗುಮುರುಗು. ಸಿಮೆಂಟ್ ಕಾರ್ಖಾನೆ, ಕಲ್ಲುಗಣಿ, ಇಟ್ಟಿಗೆ ಭಟ್ಟಿಗಳಿಗೆ ಹೊರಗಿನ ಕುಟುಂಬಗಳು ಬರುತ್ತವೆ. ಗಣಿಯಂಚಿನ ಗುಡಿಸಲು ಪುರಸಭೆ ಅಥವಾ ನಗರಸಭೆಯ ಎಲ್ಲೆಯಲ್ಲಿದೆಯೋ ಪಂಚಾಯಿತಿಯದರಲ್ಲಿದೆಯೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಮಗು ಕಲ್ಲು ಹೊರುವ ವಯಸ್ಸಿಗೆ ಬಂದಿರುತ್ತದೆ. ಕಾಯ್ದೆಯ ಮಾತು ‘ವಾಸಿಸುವ’ ಮಕ್ಕಳೆಂದು. ಪಡಿತರ ಚೀಟಿ, ಮತದಾರರ ಪಟ್ಟಿಗಳ ಪ್ರಶ್ನೆ ಇಲ್ಲಿ ಬರುವುದಿಲ್ಲ. ಅನುಮಾನವಿದ್ದಲ್ಲಿ ಎರಡೂ ಕಡೆ ಹೆಸರು ಬರೆದುಕೊಳ್ಳುವುದೇ ಲೇಸು. ಎರಡು ಬಾರಿ ಎಣಿಸಿದ ಮಗುವನ್ನು ಸರಿಪಡಿಸಬಹುದು, ಎಣಿಸದ ಮಗುವನ್ನು ಹುಡುಕುವವರಿಲ್ಲ.

ಮನೆಯಲ್ಲಿ ಲಂಬಾಣಿ ಅಥವಾ ತೆಲುಗು ಆಡುವ ಮಗು ಒಂದನೆಯ ತರಗತಿಯಲ್ಲಿ ಮೌನವಾಗಿದ್ದರೆ ಅದನ್ನು ದಡ್ಡತನವೆಂದು ತಿಳಿಯಬಾರದು. ಹೆಣ್ಣುಮಕ್ಕಳ ಗೈರುಹಾಜರಿಗೆ ಅನೇಕ ವೇಳೆ ಕಾರಣ ಮನೆಯ ಕೂಸು: ತಾಂಡಾದ ಅಂಗನವಾಡಿ ಹೊತ್ತಿಗೆ ಸರಿಯಾಗಿ ತೆರೆದರೆ ಅಕ್ಕ ಶಾಲೆಗೆ ಬರುತ್ತಾಳೆ. ಇದು ಪಂಚಾಯಿತಿಯ ಕಣ್ಣಳತೆಯಲ್ಲೇ ಇರುವ ವಿಷಯ.

ಶಿಕ್ಷಣವು ಪಂಚಾಯಿತಿಯ ಸೌಕರ್ಯ ಸಮಿತಿಯ ಕಾರ್ಯವ್ಯಾಪ್ತಿಗೆ ಬರುತ್ತದೆ. ಮಕ್ಕಳ ವಹಿಯನ್ನು ಈ ಸಮಿತಿಯ ಮುಂದೆ ಹಾಜರಿ ಪುಸ್ತಕದೊಡನೆ ತಾಳೆ ನೋಡಿ, ವ್ಯತ್ಯಾಸವಿರುವ ಹೆಸರುಗಳನ್ನು ಮುಖ್ಯೋಪಾಧ್ಯಾಯರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಲಿಖಿತವಾಗಿ ಕಳುಹಿಸಬೇಕು. ಮಗುವಿನ ಹಕ್ಕಿನ ಬಗ್ಗೆ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. 32ನೆಯ ಪ್ರಕರಣದಂತೆ ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ನವೆಂಬರ್‌ನಲ್ಲಿ ಬಂದ ದೂರಿಗೆ ಫೆಬ್ರವರಿಯಲ್ಲಿ ಉತ್ತರ ದೊರೆತರೆ ಅವಧಿ ಪಾಲಿಸಿದಂತಾಯಿತು, ಆದರೆ ಶಾಲಾ ವರ್ಷ ಮುಗಿಯುತ್ತ ಬಂದಿರುತ್ತದೆ. ಆದ್ದರಿಂದ ಗುಳೆಯ ಕಾಲದ ದೂರುಗಳನ್ನು ಸ್ವೀಕರಿಸಿದ ವಾರದಲ್ಲಿಯೇ ಸಭೆಯ ಮುಂದೆ ತರುವುದು ಯೋಗ್ಯ.