ಸಮುದ್ರವಿಲ್ಲದ ಊರಿಗೆ ಬಂದರು: ರೈತರು ತಿಳಿದಿರಬೇಕಾದ ಸಂಗತಿಗಳು



ಹೋದ ತಿಂಗಳು ನಮ್ಮ ಜಡಿಗೇನಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ, ಅರಳಿಕಟ್ಟೆಯ ಮೇಲೆ ಕುಳಿತು ರಾಗಿ ಬೀಜೋಪಚಾರದ ವಿಷಯ ಹೇಳಿ ಮುಗಿಸಿದ್ದೆ. ಎದ್ದು ಹೊರಡುವ ಹೊತ್ತಿಗೆ ಹಿರಿಯರೊಬ್ಬರು ಕೇಳಿದರು: "ಅಲ್ಲಪ್ಪಾ, ಅದೇನೋ ಒಳನಾಡು ಬಂದರು ಅಂತಾರಲ್ಲ, ಬಂದರು ಅಂದ್ರೆ ಹಡಗು ನಿಲ್ಲೋ ಜಾಗ ತಾನೆ? ನಮ್ಮ ಕೆರೇಲಿ ಎಮ್ಮೆ ಮುಳುಗೋಷ್ಟು ನೀರಿಲ್ಲ. ಇನ್ನು ಹಡಗು ಎಲ್ಲಿ ನಿಲ್ಲುತ್ತೆ?" ಎಲ್ಲರೂ ನಕ್ಕರು. ಆಗ ಪಕ್ಕದಲ್ಲಿದ್ದ ಅವರ ಮಗ ಕೇಳಿದ ಮಾತಿಗೆ ಮಾತ್ರ ಯಾರೂ ನಗಲಿಲ್ಲ: "ಹಡಗಿನ ಮಾತಿರಲಿ ಸಾರ್, ಅದಕ್ಕೆ ಯಾರ ಹೊಲ ಹೋಗುತ್ತೆ?"

ತಂದೆ ಮಗ ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ಮೊದಲು ತಂದೆಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಅದು ತಿಳಿದರೆ ಮಗನ ಪ್ರಶ್ನೆಯನ್ನು ಸರಿಯಾಗಿ ವಿಚಾರಿಸಲು ಅನುಕೂಲವಾಗುತ್ತದೆ.

ಒಳನಾಡು ಬಂದರು ಎಂದರೇನು?

ಬಂದರಿನಲ್ಲಿ ಮುಖ್ಯವಾಗಿ ಮೂರು ಕೆಲಸಗಳು ನಡೆಯುತ್ತವೆ. ಒಂದು, ಸರಕನ್ನು ಸುಂಕದ ಅಧಿಕಾರಿಗಳು ಪರೀಕ್ಷಿಸಿ ಕಾಗದಪತ್ರ ಮಾಡುವುದು. ಎರಡು, ಸರಕನ್ನು ಪೆಟ್ಟಿಗೆಗೆ ತುಂಬಿ ಮುದ್ರೆ ಹಾಕುವುದು. ಮೂರು, ಪೆಟ್ಟಿಗೆಯನ್ನು ಹಡಗಿಗೆ ಏರಿಸುವುದು. ಇವುಗಳಲ್ಲಿ ಮೂರನೆಯದಕ್ಕೆ ಮಾತ್ರ ಸಮುದ್ರ ಬೇಕು. ಮೊದಲಿನ ಎರಡನ್ನು ಎಲ್ಲಿ ಬೇಕಾದರೂ ಮಾಡಬಹುದು. ಹಿಂದೆ ಊರ ಬಾಗಿಲಿನಲ್ಲಿ ಸುಂಕದ ಕಟ್ಟೆ ಇರುತ್ತಿದ್ದ ಹಾಗೆ, ಸಮುದ್ರದ ಸುಂಕದ ಕಟ್ಟೆಯನ್ನು ನಾಡಿನ ಒಳಕ್ಕೆ ತಂದು ಇಟ್ಟರೆ ಅದೇ ಒಳನಾಡು ಬಂದರು.

ಇದು ನಮಗೆ ಹೊಸತೇನೂ ಅಲ್ಲ. ದೇಶದ ಮೊದಲನೆಯ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. ರೈಲ್ವೆ ಇಲಾಖೆ ನಡೆಸುತ್ತಿದ್ದ ಇಂಥ ಡಿಪೋಗಳನ್ನು ನೋಡಿಕೊಳ್ಳಲು 1988ರಲ್ಲಿ ಭಾರತೀಯ ಕಂಟೇನರ್ ನಿಗಮ ಸ್ಥಾಪನೆಯಾಯಿತು. ವೈಟ್‌ಫೀಲ್ಡಿನ ಡಿಪೋ ಈ ನಿಗಮದ್ದೇ. ಕಾಡುಗೋಡಿಯ ಕಡೆ ಹೋದವರು ರೈಲು ಹಳಿಯ ಪಕ್ಕದಲ್ಲಿ ಕೆಂಪು, ನೀಲಿ ಬಣ್ಣದ ಕಬ್ಬಿಣದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿರುವುದನ್ನು ನೋಡಿಯೇ ಇರುತ್ತೀರಿ. 1864ರಲ್ಲಿ ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ಹಾಕಿದ ರೈಲು ದಾರಿಯ ಮೇಲೆಯೇ ಈ ಪೆಟ್ಟಿಗೆಗಳು ಮದ್ರಾಸಿನ, ಅಂದರೆ ಈಗಿನ ಚೆನ್ನೈ ಬಂದರಿನ ಕಡೆಗೆ ಹೋಗುತ್ತವೆ.

ನಮ್ಮದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ದಾಬಸ್‌ಪೇಟೆ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಮುದ್ದಲಿಂಗನಹಳ್ಳಿಯಲ್ಲಿ, 400 ಎಕರೆಯಲ್ಲಿ ಇದಕ್ಕಿಂತ ದೊಡ್ಡದಾದ ಸರಕು ಸಾಗಣೆ ಪಾರ್ಕಿಗೆ 2022ರಲ್ಲಿ ಗುತ್ತಿಗೆ ಕೊಡಲಾಯಿತು. ಬೆಂಗಳೂರು–ಹುಬ್ಬಳ್ಳಿ ರೈಲು ದಾರಿ ಮತ್ತು ಉಪನಗರಗಳ ವರ್ತುಲ ರಸ್ತೆ ಎರಡರ ಅನುಕೂಲವೂ ಸಿಗುವಂತೆ ಆ ಸ್ಥಳವನ್ನು ಆರಿಸಿದ್ದಾರೆ.

ಪೆಟ್ಟಿಗೆಯ ಮಹಿಮೆ

ಮೂಟೆ ಹೊರುವ ಕಷ್ಟ ರೈತನಿಗೆ ಗೊತ್ತು. ಹೊಲದಿಂದ ಗಾಡಿಗೆ, ಗಾಡಿಯಿಂದ ಲಾರಿಗೆ, ಲಾರಿಯಿಂದ ಮಂಡಿಗೆ. ಎತ್ತಿ ಇಳಿಸಿದಷ್ಟು ಸಲವೂ ಕೂಲಿ ಕೊಡಬೇಕು, ಒಂದಷ್ಟು ಮಾಲು ನಷ್ಟವಾಗುತ್ತದೆ. ಹಡಗಿನ ಸರಕಿಗೂ ಹಿಂದೆ ಇದೇ ಪಾಡು. ಅಮೆರಿಕದಲ್ಲಿ ಲಾರಿ ಕಂಪನಿ ನಡೆಸುತ್ತಿದ್ದ ಮಾಲ್ಕಮ್ ಮೆಕ್‌ಲೀನ್ ಎಂಬಾತ, ಮೂಟೆಗಳನ್ನು ಬಿಡಿಬಿಡಿಯಾಗಿ ಎತ್ತುವ ಬದಲು ಪೆಟ್ಟಿಗೆಯನ್ನೇ ಇಡಿಯಾಗಿ ಎತ್ತಿ ಹಡಗಿನ ಮೇಲೆ ಇಡಿಸಿದ. 1956ರ ಏಪ್ರಿಲ್ 26ರಂದು 58 ಪೆಟ್ಟಿಗೆಗಳನ್ನು ಹೊತ್ತ ಅವನ ಹಡಗು ಹೊರಟಿತು. ಅಲ್ಲಿಂದ ಮುಂದೆ ಲೋಕದ ವ್ಯಾಪಾರದ ರೀತಿಯೇ ಬದಲಾಯಿತು.

ಈಗ ಸಣ್ಣ ಪೆಟ್ಟಿಗೆ 20 ಅಡಿ ಉದ್ದ, 8 ಅಡಿ ಅಗಲ. ದೊಡ್ಡದು 40 ಅಡಿ ಉದ್ದ. ಪ್ರಪಂಚದ ಎಲ್ಲ ಕಡೆಯೂ ಇದೇ ಅಳತೆ. ಆದಕಾರಣ ಲಾರಿ, ರೈಲು, ಹಡಗು ಮೂರಕ್ಕೂ ಅದು ಹೊಂದುತ್ತದೆ. ಒಮ್ಮೆ ಮುದ್ರೆ ಬಿದ್ದರೆ ಕೊಳ್ಳುವವನ ಊರಿನಲ್ಲಿಯೇ ಬಾಗಿಲು ತೆರೆಯುವುದು. ಹಣ್ಣು ತರಕಾರಿಗೆ ತಂಪು ಪೆಟ್ಟಿಗೆಯೂ ಉಂಟು. ಅದಕ್ಕೆ ದಾರಿಯುದ್ದಕ್ಕೂ ವಿದ್ಯುತ್ ಕೊಡುತ್ತಿರಬೇಕು.

ರೈಲಿನ ಲೆಕ್ಕ

ಪೆಟ್ಟಿಗೆ ಸಾಗಿಸುವ ಒಂದು ಪೂರ್ಣ ರೈಲಿಗೆ 45 ಚಪ್ಪಟೆ ವ್ಯಾಗನ್ನುಗಳು. ಒಂದೊಂದರ ಮೇಲೆ 20 ಅಡಿಯ ಎರಡು ಪೆಟ್ಟಿಗೆ. ಒಟ್ಟು 90 ಪೆಟ್ಟಿಗೆ. ಅಷ್ಟನ್ನು ಒಂದೊಂದಾಗಿ ಲಾರಿಯಲ್ಲಿ ಸಾಗಿಸಿದರೆ 90 ಲಾರಿ, 90 ಚಾಲಕರು ಬೇಕಾಗುತ್ತಾರೆ. ದೂರ ಹೆಚ್ಚಿದಷ್ಟೂ ರೈಲು ಅಗ್ಗ.

ಆದರೆ ಇಲ್ಲಿ ಒಂದು ತೊಡಕಿದೆ. ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಲೋಮೀಟರ್ ಮಾತ್ರ. ಕಾರ್ಖಾನೆಯಿಂದ ಡಿಪೋಗೆ ಲಾರಿಯಲ್ಲಿ ತಂದು, ಇಳಿಸಿ, ರೈಲಿಗೆ ಏರಿಸಿ, ಬಂದರಿನಲ್ಲಿ ಮತ್ತೆ ಇಳಿಸುವಷ್ಟರಲ್ಲಿ, ನೇರವಾಗಿ ಹೊರಟ ಲಾರಿ ಬಂದರಿನ ಬಾಗಿಲಿಗೆ ಮುಟ್ಟಿರುತ್ತದೆ. ಈ ಕಾರಣದಿಂದಲೇ ರೈಲು ಹಳಿಯ ಪಕ್ಕಕ್ಕೇ ಕಾರ್ಖಾನೆ, ಉಗ್ರಾಣ, ತಂಪು ಕೋಠಿಗಳು ಬರುವ ಹಾಗೆ ಕೈಗಾರಿಕಾ ಪಾರ್ಕನ್ನು ಬಂದರಿನ ಜೊತೆಯಲ್ಲಿ ಮಾಡುತ್ತಾರೆ. ಸರಕು ಹಳಿಯ ಬಳಿಯೇ ಹುಟ್ಟಿದರೆ ನಡುವಿನ ಲಾರಿಯ ಖರ್ಚು ಉಳಿಯುತ್ತದೆ, ರೈಲು ಬೇಗ ತುಂಬುತ್ತದೆ. ತುಂಬದ ರೈಲು ಹೊರಡುವುದಿಲ್ಲ; ಹೊರಡದ ರೈಲಿನಿಂದ ಯಾರಿಗೂ ಲಾಭವಿಲ್ಲ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಅಷ್ಟುದ್ದದ ರೈಲನ್ನು ಒಳಗೆ ನಿಲ್ಲಿಸಬೇಕಾದರೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ, ಹೆಚ್ಚುಕಡಿಮೆ ಸಮತಟ್ಟಾದ ನೆಲ ಬೇಕು. ಹಳಿಗೆ ಹತ್ತಿರ, ರಸ್ತೆಗೆ ಹತ್ತಿರ, ಬಂಡೆಯಿಲ್ಲದ ಸಮ ನೆಲ. ಇಂಥ ನೆಲ ಯಾವುದು? ಬಹಳ ಕಡೆ ಅದು ನಾವು ರಾಗಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ ನೆಲವೇ. ಮಗ ಕೇಳಿದ ಪ್ರಶ್ನೆ ಇಲ್ಲಿ ಬಂತು.

ಭೂಮಿಯ ವಿಚಾರ

ಕೈಗಾರಿಕೆಗೆ ಭೂಮಿ ಬೇಕೆಂದಾಗ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಅನುಸರಿಸುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ. ಅದರ 28ನೆಯ ಕಲಮಿನ ಮೆಟ್ಟಿಲುಗಳನ್ನು ಪ್ರತಿಯೊಬ್ಬ ರೈತನೂ ಬಾಯಿಪಾಠ ಮಾಡಿಕೊಳ್ಳಬೇಕು.

28(1): ಈ ಭೂಮಿ ಬೇಕಾಗಿದೆ ಎಂಬ ಪ್ರಾಥಮಿಕ ಅಧಿಸೂಚನೆ.
28(2): ಮಾಲೀಕನಿಗೆ ನೋಟಿಸು. ನೋಟಿಸು ಜಾರಿಯಾದ 30 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು.
28(3): ಆಕ್ಷೇಪಣೆಯ ವಿಚಾರಣೆ.
28(4): ಅಂತಿಮ ಅಧಿಸೂಚನೆ. ಇದು ಪ್ರಕಟವಾದ ಮೇಲೆ ಭೂಮಿ ಸರ್ಕಾರದ ವಶವಾಗುತ್ತದೆ.

ಆದ್ದರಿಂದ ಮಾತನಾಡುವ ಕಾಲ 28(2)ರ ನೋಟಿಸಿನ 30 ದಿನಗಳು. ಕೆಲವರು ನೋಟಿಸು ತೆಗೆದುಕೊಳ್ಳದಿದ್ದರೆ ಭೂಮಿ ಉಳಿಯುತ್ತದೆಂದು ತಿಳಿಯುತ್ತಾರೆ. ಅದು ತಪ್ಪು. ನೋಟಿಸು ತೆಗೆದುಕೊಂಡು, ತಾರೀಖು ಬರೆದಿಟ್ಟು, ಬರವಣಿಗೆಯಲ್ಲಿ ಉತ್ತರ ಕೊಟ್ಟು, ಸ್ವೀಕೃತಿ ಪಡೆಯಿರಿ. ಕೇಂದ್ರದ 2013ರ ಭೂಸ್ವಾಧೀನ ಕಾಯಿದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ, ಕುಟುಂಬಗಳ ಒಪ್ಪಿಗೆ ಮುಂತಾದ ಬೇರೆ ನಿಯಮಗಳಿವೆ. ಎರಡೂ ಒಂದೇ ಅಲ್ಲ. ಆದಕಾರಣ ಕಾಗದ ಕೈಗೆ ಬಂದ ಕೂಡಲೇ ಅದು ಯಾವ ಕಾಯಿದೆಯ ಯಾವ ಕಲಮಿನ ನೋಟಿಸು ಎಂಬುದನ್ನು ಮೊದಲು ಓದಿಸಿ ತಿಳಿಯಿರಿ.

ರೈತನ ಮಾತಿಗೆ ಬೆಲೆಯಿಲ್ಲವೆಂದು ಕೈಚೆಲ್ಲಬೇಡಿ. ನೆರೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಪಡೆಯುವ ಪ್ರಸ್ತಾಪಕ್ಕೆ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರವು ಆ ಸ್ವಾಧೀನವನ್ನು ಕೈಬಿಡುವುದಾಗಿಯೂ, ತಾವಾಗಿ ಕೊಡಲು ಮುಂದೆ ಬರುವವರಿಂದ ಮಾತ್ರ ಭೂಮಿ ಪಡೆಯುವುದಾಗಿಯೂ ಪ್ರಕಟಿಸಿತು. ಭೂಮಿ ಕೊಡಿ ಎಂದಾಗಲಿ ಕೊಡಬೇಡಿ ಎಂದಾಗಲಿ ಹೇಳುವುದು ಈ ಪಾಠದ ಉದ್ದೇಶವಲ್ಲ. ಆ ತೀರ್ಮಾನ ನಿಮ್ಮದು. ಆದರೆ ಅದನ್ನು ತಿಳಿದು ಮಾಡಬೇಕು, ಒಗ್ಗಟ್ಟಾಗಿ ಮಾಡಬೇಕು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳುತ್ತೇನೆ. ನಮ್ಮ ಊರಿನಲ್ಲಿ ರಸ್ತೆಗೆಂದು ನಮ್ಮ 22 ಗುಂಟೆ ಹೋಯಿತು. ಪಹಣಿ ಮುತ್ತಾತನ ಹೆಸರಿನಲ್ಲಿಯೇ ಇತ್ತು. ತಾತ ಖಾತೆ ಮಾಡಿಸಿರಲಿಲ್ಲ, ತಂದೆಯೂ ಮಾಡಿಸಲಿಲ್ಲ. ಪರಿಹಾರಕ್ಕೆ ಏಳು ಜನ ಹಕ್ಕುದಾರರು ಎದ್ದರು. ಹಣ ನ್ಯಾಯಾಲಯದಲ್ಲಿ ಠೇವಣಿಯಾಗಿ ಕುಳಿತಿತು. ಅತ್ತೆಯಂದಿರ ಹೆಸರು ಬಿಡಿಸಲು ಹೋಗಿ ಒಡಹುಟ್ಟಿದವರಲ್ಲಿ ಮಾತುಕತೆ ನಿಂತಿತು. ಹಣ ಕೈಗೆ ಬಂದಾಗ ಅದರಲ್ಲಿ ಅರ್ಧ ಎಕರೆ ಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ತಪ್ಪು ನಮ್ಮದೇ. ಆ ತಪ್ಪು ತಮ್ಮ ಮನೆಯಲ್ಲಿ ಆಗಬಾರದು.

ನೀರು ಮತ್ತು ದಾರಿ

ಒಂದು ಎಕರೆಯ ಮೇಲೆ ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರಾಗುತ್ತದೆ. ಉತ್ತ ಹೊಲ ಅದರಲ್ಲಿ ಬಹುಪಾಲನ್ನು ಕುಡಿಯುತ್ತದೆ. ಕಾಂಕ್ರೀಟು ಹಾಸಿದ ನೆಲ ಕುಡಿಯುವುದಿಲ್ಲ. 400 ಎಕರೆಯಷ್ಟು ಕಾಂಕ್ರೀಟಾದರೆ ಅದೊಂದೇ ಮಳೆಗೆ ನಾಲ್ಕು ಕೋಟಿ ಲೀಟರ್ ಹರಿಯುತ್ತದೆ. ಆ ನೀರಿಗೆ ರಾಜಕಾಲುವೆ ತೆರೆದಿದ್ದು ಎಣ್ಣೆ ಕಸ ಸೇರದಿದ್ದರೆ ಕೆರೆ ತುಂಬೀತು; ಕಾಲುವೆ ಮುಚ್ಚಿದ್ದರೆ ಕೆಳಗಿನ ಹೊಲ ಕೊಚ್ಚಿಹೋದೀತು. ಆಕ್ಷೇಪಣೆ ಬರೆಯುವಾಗ ಕೆರೆ, ಕಾಲುವೆ, ಗುಂಡುತೋಪು, ಬಂಡಿದಾರಿ, ಸ್ಮಶಾನಗಳನ್ನು ಸರ್ವೆ ನಂಬರಿನ ಸಹಿತ ಕಾಣಿಸಿ.

ರೈಲು ಬಂದರೆ ಲಾರಿಯ ಕಾಟ ತಪ್ಪುತ್ತದೆಂದೂ ಭಾವಿಸಬೇಡಿ. ನಮ್ಮ ಹತ್ತಿರದ ದೇವನಗೊಂದಿಗೆ ಮಂಗಳೂರಿನಿಂದ ಹಾಸನದ ಮೇಲೆ 360 ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ಎಣ್ಣೆ ಬರುತ್ತದೆ. ಅಲ್ಲಿಂದ ಪೆಟ್ರೋಲ್ ಬಂಕುಗಳಿಗೆ ಹೊರಡುವುದು ಟ್ಯಾಂಕರ್ ಲಾರಿಯಲ್ಲಿಯೇ. ಒಳನಾಡು ಬಂದರಿನ ಕೊನೆಯ ಹತ್ತು ಮೈಲಿಯೂ ಹಾಗೆಯೇ. ಶಾಲೆಯ ಮುಂದೆ, ಹಾಲಿನ ಡೇರಿಯ ಮುಂದೆ ಆ ಲಾರಿಗಳು ಹಾದುಹೋಗದಂತೆ ಪ್ರತ್ಯೇಕ ರಸ್ತೆಯನ್ನು ಮೊದಲೇ ಕೇಳಬೇಕು.

ಹೊಲ ಉಳಿದವರಿಗೆ ಏನು ಲಾಭ?

ಬಂದರು ಬಂದ ಮಾತ್ರಕ್ಕೆ ನಮ್ಮ ಮಾಲು ಪರದೇಶಕ್ಕೆ ಹೋಗುವುದಿಲ್ಲ. ನಮ್ಮ ಸುತ್ತಿನ ಜಿಲ್ಲೆಗಳ ಬೆಂಗಳೂರು ಗುಲಾಬಿ ಈರುಳ್ಳಿ ಮಲೇಷ್ಯಾ, ಸಿಂಗಪುರಗಳಿಗೆ ಹೋಗುತ್ತದೆ. ಮಿಡಿಸೌತೆ ಉಪ್ಪುನೀರಿನಲ್ಲಿ ಅದ್ದಿ ಪೀಪಾಯಿ, ಶೀಶೆಗಳಲ್ಲಿ ಹೋಗುತ್ತದೆ. 2022ರಲ್ಲಿ ಕೇಂದ್ರ ವಾಣಿಜ್ಯ ಇಲಾಖೆ ಹೇಳಿದಂತೆ ಮಿಡಿಸೌತೆ 90 ದಿನಗಳ ಬೆಳೆ. ಎಕರೆಗೆ ಸರಾಸರಿ 4 ಟನ್ನು. ಖರ್ಚು ಕಳೆದು ಸುಮಾರು 40,000 ರೂಪಾಯಿ ಉಳಿಯುತ್ತದೆ.

ಈಗ ಲೆಕ್ಕ ಹಾಕಿರಿ. ಒಂದು ಪೆಟ್ಟಿಗೆಗೆ 20 ಟನ್ನು ತುಂಬಬೇಕಾದರೆ ಐದು ಎಕರೆಯ ಬೆಳೆ ಒಂದೇ ಗುಣಮಟ್ಟದಲ್ಲಿ ಒಟ್ಟಿಗೆ ಸೇರಬೇಕು. ಅರ್ಧ ಎಕರೆಯವನು ಒಬ್ಬನೇ ಏನು ಮಾಡಿಯಾನು? ಆದರೆ ಎರಡು ಲೀಟರ್ ಹಾಲು ಕರೆಯುವವಳ ಹಾಲೂ ಟ್ಯಾಂಕರ್ ತುಂಬುವುದನ್ನು ದಿನವೂ ಡೇರಿಯಲ್ಲಿ ನೋಡುತ್ತೇವಲ್ಲ! ಹಾಗೆಯೇ ಹತ್ತು ರೈತರು ರೈತ ಉತ್ಪಾದಕ ಸಂಸ್ಥೆಯಲ್ಲಿ ಸೇರಿ, ಒಂದೇ ತಳಿ, ಒಂದೇ ವಾರ ಬಿತ್ತಿ, ಒಂದೇ ಗಾತ್ರಕ್ಕೆ ವಿಂಗಡಿಸಿದರೆ ಪೆಟ್ಟಿಗೆ ತುಂಬುತ್ತದೆ.

ಔಷಧಿಯ ವಿಷಯದಲ್ಲಿ ಎಚ್ಚರ ಅಗತ್ಯ. ಕೊಳ್ಳುವ ದೇಶಗಳು ಕೀಟನಾಶಕದ ಶೇಷವನ್ನು ಪರೀಕ್ಷಿಸುತ್ತವೆ. ಒಬ್ಬ ರೈತ ಕೊಯ್ಲಿನ ಹಿಂದಿನ ದಿನ ಸಿಂಪಡಿಸಿದರೆ ಎಲ್ಲರ ಪೆಟ್ಟಿಗೆಯೂ ತಿರಸ್ಕೃತವಾದೀತು. ಒಂದು ನೋಟ್ ಪುಸ್ತಕದಲ್ಲಿ ಔಷಧಿಯ ಹೆಸರು, ಪ್ರಮಾಣ, ತಾರೀಖು ಬರೆಯಿರಿ. ಡಬ್ಬಿಯ ಮೇಲೆ ಹೇಳಿರುವಷ್ಟು ದಿನ ಕಾದು ಕೊಯ್ಯಿರಿ. ಊರಿನ ಸಂತೆಗೆ ಮಾರುವವರಿಗೂ ಈ ಅಭ್ಯಾಸ ಒಳ್ಳೆಯದೇ. ನಮ್ಮ ಮಕ್ಕಳೂ ಅದನ್ನೇ ತಿನ್ನುತ್ತಾರೆ.

ಕೆಲಸದ ಮಾತು. ಪೆಟ್ಟಿಗೆ ಎತ್ತುವುದು ಯಂತ್ರ. ಬಂದರಿನ ಅಂಗಳದಲ್ಲಿ ಬೇಕಾಗುವ ಆಳು ಕಡಿಮೆ. ಹೆಚ್ಚು ಕೆಲಸ ಹುಟ್ಟುವುದು ಸುತ್ತಲಿನ ಉಗ್ರಾಣ, ಪ್ಯಾಕಿಂಗ್ ಮನೆ, ಕಾರ್ಖಾನೆಗಳಲ್ಲಿ. ಅಲ್ಲಿ ಕಾವಲುಗಾರನಾಗಿ ನಿಲ್ಲುವ ಬದಲು, ಐಟಿಐನಲ್ಲಿ ವಿದ್ಯುತ್ ಕೆಲಸ, ಶೀತಲ ಯಂತ್ರದ ರಿಪೇರಿ, ಭಾರಿ ವಾಹನ ಚಾಲನೆ ಕಲಿತ ಮಗನಾಗಲಿ ಮಗಳಾಗಲಿ ಮರ್ಯಾದೆಯ ಸಂಬಳ ಪಡೆಯಬಹುದು. ಆ ಕಲಿಕೆಗೆ ಎರಡು ವರ್ಷ ಬೇಕು. ಕಾರ್ಖಾನೆ ಬಂದ ಮೇಲೆ ಕಲಿಯುತ್ತೇನೆಂದರೆ ತಡವಾದೀತು.

ಈ ವರ್ಷವೇ ಮಾಡಬೇಕಾದ ಕೆಲಸಗಳು

1. ಪಹಣಿ ತೆಗೆಸಿ ನೋಡಿ. ತೀರಿಹೋದವರ ಹೆಸರಿದ್ದರೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. ಅವರಿಗೂ ಕಾನೂನಿನಲ್ಲಿ ಸಮಪಾಲಿದೆ.
2. ಪೋಡಿ ಆಗದಿದ್ದರೆ ಅಳತೆಗೆ ಹಾಕಿ, ಕಲ್ಲು ನೆಡಿಸಿ.
3. ಕೊಳವೆಬಾವಿ, ಮರ, ಬಳ್ಳಿ ತೋಟ, ಶೆಡ್ಡುಗಳ ಫೋಟೋ ಮತ್ತು ಪಟ್ಟಿ ಇಡಿ. ಪರಿಹಾರದ ಲೆಕ್ಕಕ್ಕೆ ಬೇಕಾಗುತ್ತದೆ.
4. ದಲ್ಲಾಳಿಯ ಮಾತಿಗೆ ಖಾಲಿ ಕಾಗದದ ಮೇಲೆ ಸಹಿ ಮಾಡಬೇಡಿ, ಮುಂಗಡ ಹಣ ತೆಗೆದುಕೊಳ್ಳಬೇಡಿ.
5. ಗ್ರಾಮಸಭೆಗೆ ಹೋಗಿ. ಭೂಮಿಯಿಲ್ಲದೆ ಕೂಲಿಯಿಂದ ಬದುಕುವವರ ಗತಿಯನ್ನೂ ಅಲ್ಲಿ ಕೇಳಿ. ಅವರಿಗೆ ಪಹಣಿಯಿಲ್ಲ, ಹೊಟ್ಟೆಯಂತೂ ಇದೆ.
6. ಪರಿಹಾರ ಬಂದರೆ ಮೊದಲು ಬೇರೆ ನೆಲ ಅಥವಾ ಠೇವಣಿ, ಆಮೇಲೆ ಮನೆ, ಕೊನೆಗೆ ಮದುವೆ ಮತ್ತು ಕಾರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು.

ಯುವಕ ಸಂಘ, ಮಹಿಳಾ ಸಂಘಗಳಲ್ಲಿ ಚರ್ಚಿಸಲು ಪ್ರಶ್ನೆಗಳು

1. ಬಂದರಿನ ಮೂರು ಕೆಲಸಗಳಲ್ಲಿ ಸಮುದ್ರವೇ ಬೇಕಾದದ್ದು ಯಾವುದು?
2. 28(2)ರ ನೋಟಿಸಿಗೆ ಎಷ್ಟು ದಿನದೊಳಗೆ ಉತ್ತರ ಕೊಡಬೇಕು?
3. ನಮ್ಮ ಊರಿನಲ್ಲಿ ಎಷ್ಟು ಪಹಣಿಗಳು ಇನ್ನೂ ತೀರಿಹೋದವರ ಹೆಸರಿನಲ್ಲಿವೆ?

ಮೂರನೆಯ ಪ್ರಶ್ನೆಗೆ ಉತ್ತರ ಈ ಪತ್ರಿಕೆಯಲ್ಲಿಲ್ಲ, ತಮ್ಮ ಊರಿನಲ್ಲಿದೆ. ಮನೆಮನೆಗೆ ಹೋಗಿ ಎಣಿಸಿ. ಮುಂದಿನ ಸಲ ನಾನು ಅರಳಿಕಟ್ಟೆಗೆ ಬಂದಾಗ ಆ ಪಟ್ಟಿಯನ್ನು ಕೊಡಿ. ಅರ್ಜಿ ಬರೆಯಲು ನಾನೂ ಜೊತೆಯಲ್ಲಿ ಕುಳಿತುಕೊಳ್ಳುತ್ತೇನೆ.

ತಮ್ಮ ಗ್ರಾಮಸೇವಕ,
ಜಡಿಗೇನಹಳ್ಳಿ