ದುಡಿಮೆಯೂ ಮನಸ್ಸಾಕ್ಷಿಯೂ

ಕೆಲಸದಲ್ಲಿ ಮೋಸ ಮಾಡುವವನು ಎಂಥ ಮನುಷ್ಯನೆಂದು ಕೇಳಿದರೆ ನಾವೆಲ್ಲರೂ ಕೂಡಲೇ ‘ದುಷ್ಟನು’ ಎಂದು ಉತ್ತರ ಕೊಡುವೆವು. ಈ ಉತ್ತರವು ಬಹಳ ಅನುಕೂಲವಾದದ್ದು. ಯಾಕಂದರೆ ನಾವು ದುಷ್ಟರಲ್ಲವೆಂಬದು ನಮಗೆ ಮೊದಲೇ ನಿಶ್ಚಯವಾಗಿರುತ್ತದೆ. ಆದರೆ ಮನಸ್ಸಿನ ವ್ಯಾಪಾರಗಳನ್ನು ಶೋಧಿಸಿದ ಪಂಡಿತರು ಬೇರೊಂದು ಸಂಗತಿಯನ್ನು ಕಂಡಿದ್ದಾರೆ. ತನಗೆ ಅನ್ಯಾಯವಾಯಿತೆಂದು ನೊಂದವನ ಕೈಯಿಂದಲೇ ಅನೇಕ ವೇಳೆ ಮುಂದಿನ ಅನ್ಯಾಯವು ನಡೆಯುತ್ತದೆ.

ನಮ್ಮ ಸೀಮೆಯ ಮಾತನ್ನೇ ತೆಗೆದುಕೊಳ್ಳೋಣ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬಿನ ಕೆಲಸ ಮಾಡದ ಮನೆ ಸಿಕ್ಕುವದು ಕಷ್ಟ. 2025ನೆಯ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದ್ದನ್ನೂ, ಕಡೆಗೆ ಸರಕಾರವು 3,300 ಎಂದು ಗೊತ್ತು ಮಾಡಿದ್ದನ್ನೂ ವಾಚಕರು ಬಲ್ಲರು. ದರದ ಸಂಗಡ ತೂಕದ ದೂರೂ ಹಳೆಯದು. ಕಾಟಾದ ಮೇಲೆ ಅರ್ಧ ಟನ್ನು ಕಡಿಮೆ ಬಿದ್ದರೆ ಈ ದರದಂತೆ 1,650 ರೂಪಾಯಿ ಹೋಯಿತು. ಹಾಗೆ ಬೀಳುತ್ತದೆಂದು ನಾವು ಯಾವ ಕಾರಖಾನೆಯ ಮೇಲೂ ಹೇಳುವದಿಲ್ಲ. ಆದರೆ ಕಡಿದ ಕಬ್ಬು ಒಣಗಿದಷ್ಟೂ ತೂಕವೂ ಸಕ್ಕರೆಯೂ ಇಳಿಯುವದರಿಂದ, ಸಾಲಿನಲ್ಲಿ ಟ್ರ್ಯಾಕ್ಟರ ನಿಲ್ಲಿಸಿಕೊಂಡವನಿಗೆ ಕೇಳುವದಕ್ಕೂ ಪರೀಕ್ಷಿಸುವದಕ್ಕೂ ಹೊತ್ತಿಲ್ಲ. ಅವನು ಸಂಶಯವನ್ನು ನುಂಗಿಕೊಂಡು ಮನೆಗೆ ಬರುತ್ತಾನೆ.

ನುಂಗಿದ್ದು ಎಲ್ಲಿಗೆ ಹೋಗುತ್ತದೆ? ಬಟವಡೆಯ ದಿನ, ಒಂದು ತಾಸು ತಡವಾಗಿ ಬಂದ ಆಳುಮಗಳ ಹಾಜರಿಯಲ್ಲಿ ಅವನು ಅರ್ಧ ದಿನ ಹೊಡೆದುಹಾಕುತ್ತಾನೆ; ‘ನನಗೆ ಅವರು ಮಾಡಲಿಲ್ಲವೋ?’ ಎಂದು ಮನಸ್ಸು ಉತ್ತರ ಹೇಳುತ್ತದೆ. ಆ ಹೆಂಗಸು ಮರುವಾರ ಕಸದ ಬೇರನ್ನು ಸಾಲಿನಲ್ಲಿಯೇ ಬಿಟ್ಟು ಮೇಲಿನದನ್ನು ಮಾತ್ರ ಕೀಳುತ್ತಾಳೆ. ಕೊಟ್ಟ ಪಗಾರಕ್ಕೆ ಇಷ್ಟು ಸಾಕೆನ್ನುತ್ತಾಳೆ. ಇಬ್ಬರೂ ಕಳ್ಳರಲ್ಲ. ಇಬ್ಬರೂ ಸಾಲ ತೀರಿಸಿಕೊಂಡೆವೆಂದು ತಿಳಿದಿದ್ದಾರೆ. ಆದರೆ ಸಾಲ ಮಾಡಿದವನು ಒಬ್ಬನು, ತೆತ್ತವನು ಇನ್ನೊಬ್ಬನು.

ಅಮೇರಿಕದ ಜೆರಾಲ್ಡ್ ಗ್ರೀನ್‌ಬರ್ಗ್ ಎಂಬವನು 1990ರಲ್ಲಿ ಪ್ರಕಟಿಸಿದ ಒಂದು ಶೋಧವು ಇಲ್ಲಿ ಉಪಯೋಗವಾದದ್ದು. ಎರಡು ಕಾರಖಾನೆಗಳಲ್ಲಿ ಕೆಲಸಗಾರರ ಪಗಾರವನ್ನು ಹತ್ತು ವಾರಗಳ ವರೆಗೆ ನೂರಕ್ಕೆ 15ರಂತೆ ಇಳಿಸಲಾಯಿತು. ಒಂದರಲ್ಲಿ ಯಜಮಾನರು ಎಲ್ಲರನ್ನು ಕೂಡಿಸಿ, ಕಾರಣವನ್ನು ಲೆಕ್ಕ ಸಹಿತವಾಗಿ ತೋರಿಸಿ, ತಮಗೂ ವ್ಯಸನವಾಗಿದೆ ಎಂದು ಹೇಳಿದರು. ಇನ್ನೊಂದರಲ್ಲಿ ಎರಡು ಮಾತಿನಲ್ಲಿ ತಿಳಿಸಿ ಹೊರಟುಹೋದರು. ಪಗಾರ ಇಳಿದದ್ದು ಸಮವೇ. ಆದರೂ ಕಳವು ಎರಡನೆಯದರಲ್ಲಿ ಬಹಳ ಹೆಚ್ಚಾಯಿತು. ಹಣ ಕಡಿಮೆಯಾದದ್ದು ಮಾತ್ರವಲ್ಲ, ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬ ನೋವೂ ಕೈಯನ್ನು ಕದಿಯುವಂತೆ ಮಾಡಿತು. ಸ್ನಾನಿಕನಾದ ಯೋಹಾನನ ಬಳಿಗೆ ಸಿಪಾಯಿಗಳು ಬಂದು ನಾವೇನು ಮಾಡಬೇಕೆಂದು ಕೇಳಿದಾಗ ಅವನು ಸುಲಿಗೆಯ ಮಾತನ್ನೂ ಸಂಬಳದ ಮಾತನ್ನೂ ಒಂದೇ ಉತ್ತರದಲ್ಲಿ ಕೂಡಿಸಿದನೆಂಬದನ್ನು ಲೂಕನ ಮೂರನೆಯ ಅಧ್ಯಾಯದಲ್ಲಿ ನೋಡಬಹುದು. ಅವನು ಮನುಷ್ಯನ ಮನಸ್ಸನ್ನು ಬಲ್ಲವನಾಗಿದ್ದನು.

ಇನ್ನು ಮನಸ್ಸಾಕ್ಷಿಯು ಇಷ್ಟು ಸುಲಭವಾಗಿ ಹೇಗೆ ಮಲಗುತ್ತದೆ? ಸ್ಟ್ಯಾನ್‌ಫರ್ಡ್ ವಿದ್ಯಾಪೀಠದ ಆಲ್ಬರ್ಟ್ ಬಂಡೂರಾ (1925-2021) ಇದರ ಉಪಾಯಗಳನ್ನು ಒಂದೊಂದಾಗಿ ವಿವರಿಸಿದ್ದಾನೆ. ಮೆತ್ತಗಿನ ಹೆಸರು ಇಡುವದು, ಮೇಲಿನವರ ಅಪ್ಪಣೆ ಎನ್ನುವದು, ಇನ್ನೂ ದೊಡ್ಡ ತಪ್ಪನ್ನು ತೋರಿಸಿ ತನ್ನದನ್ನು ಸಣ್ಣದು ಮಾಡುವದು. ಮೊದಲನೆಯದಕ್ಕೆ ನಾವು ಅಮೇರಿಕಕ್ಕೆ ಹೋಗಬೇಕಾಗಿಲ್ಲ. ಲಂಚಕ್ಕೆ ‘ಚಹಾಪಾನಿ’ ಎಂತಲೂ ‘ಮಾಮೂಲು’ ಎಂತಲೂ ನಾವೇ ಹೆಸರಿಟ್ಟಿದ್ದೇವೆ. ಬೆಲ್ಲದ ಗಾಣದಲ್ಲಿ ಹೈಡ್ರೋಸ್ ಎಂಬ ಪುಡಿಯನ್ನು ಹಿಡಿಗಟ್ಟಲೆ ಕೊಪ್ಪರಿಗೆಗೆ ಹಾಕುವದಕ್ಕೆ ‘ಬಣ್ಣ ಕೊಡುವದು’ ಎಂದು ಹೇಳಿದರೆ ಯಾರಿಗೆ ಭಯವಾದೀತು? ಅದು ಗಂಧಕ ಕೂಡಿದ ರಾಸಾಯನಿಕ ಪುಡಿ. ತಿನ್ನುವವರು ಮಕ್ಕಳೂ ಬಾಣಂತಿಯರೂ ಆಗಿದ್ದಾರೆ.

ಆದರೆ ಹೆಸರಿಗಿಂತಲೂ ಅವಸರವು ಬಲವಾದದ್ದೆಂದು ನಮಗೆ ತೋರುತ್ತದೆ. ಪ್ರಿನ್ಸ್‌ಟನ್ನಿನ ದೈವಜ್ಞಾನ ಶಾಲೆಯ ವಿದ್ಯಾರ್ಥಿಗಳನ್ನು ಡಾರ್ಲಿ ಮತ್ತು ಬ್ಯಾಟ್ಸನ್ ಎಂಬವರು ಪರೀಕ್ಷಿಸಿ 1973ರಲ್ಲಿ ಬರೆದರು. ಉಪನ್ಯಾಸ ಕೊಡುವದಕ್ಕಾಗಿ ಇನ್ನೊಂದು ಕಟ್ಟಡಕ್ಕೆ ಹೋಗುವ ದಾರಿಯಲ್ಲಿ ಒಬ್ಬನು ಕುಸಿದು ಕೆಮ್ಮುತ್ತಿರುವಂತೆ ಏರ್ಪಾಡು ಮಾಡಿದ್ದರು. ಹೊತ್ತಿದ್ದವರಲ್ಲಿ ನೂರಕ್ಕೆ 63 ಮಂದಿ ನಿಂತು ಸಹಾಯ ಮಾಡಿದರು. ತಡವಾಯಿತೆಂದು ಓಡಿಸಲ್ಪಟ್ಟವರಲ್ಲಿ ನೂರಕ್ಕೆ 10 ಮಾತ್ರ. ಕೆಲವರ ಉಪನ್ಯಾಸದ ವಿಷಯವು ಒಳ್ಳೇ ಸಮಾರ್ಯದವನ ಸಾಮ್ಯವೇ ಆಗಿತ್ತು! ಅದರಿಂದಲೂ ಹೆಚ್ಚಿನ ಭೇದ ಕಾಣಲಿಲ್ಲ. ಬೋಧಿಸುವ ನಮ್ಮಂಥವರು ಇದನ್ನು ಎರಡು ಸಾರಿ ಓದತಕ್ಕದ್ದು.

ಹೀಗಿರಲಾಗಿ, ಆಣೆ ಮಾಡಿಸುವದರಿಂದಲೋ ಕಾಗದಕ್ಕೆ ಸಹಿ ಹಾಕಿಸುವದರಿಂದಲೋ ಕೆಲಸವಾಗುವದೆಂದು ನಂಬಬಾರದು. ಪತ್ರದ ತಲೆಯಲ್ಲಿ ಸಹಿ ಹಾಕಿಸಿದರೆ ಜನರು ನಿಜ ಬರೆಯುತ್ತಾರೆಂದು 2012ರಲ್ಲಿ ಒಂದು ಶೋಧವು ಹೆಸರಾಯಿತು. ಅದರ ಅಂಕೆಗಳಲ್ಲಿಯೇ ಸುಳ್ಳು ಸೇರಿದೆಯೆಂದು ಕಂಡುಬಂದು 2021ರಲ್ಲಿ ಅದನ್ನು ಹಿಂತೆಗೆದರು.

ನಮ್ಮ ಕೈಯಲ್ಲಿರುವದು ಸಣ್ಣದು, ಆದರೆ ಕೂಡಲೇ ಮಾಡತಕ್ಕದ್ದು. ಕಾಟಾದ ಚೀಟಿಯನ್ನು ಕೇಳಿ ತೆಗೆದುಕೊಂಡು ಊರಿನವರ ಚೀಟಿಗಳೊಡನೆ ಹೋಲಿಸಿ, ದೂರನ್ನು ಮೇಲಿನವರಿಗೇ ಕೂಡಿ ಹೇಳಬೇಕು; ಅದು ಆಳಿನ ಹಾಜರಿಗೆ ಇಳಿಯಬಾರದು. ಬಟವಡೆಯ ದಿನ ಹಾಜರಿ ಪುಸ್ತಕವನ್ನು ಎಲ್ಲರೆದುರು ಓದಿ, ಕಡಿತವಾದಲ್ಲಿ ಯಾಕೆಂದು ಹೇಳಬೇಕು. ಕೇಳಿದ ಹೆಂಗಸಿಗೆ ಉತ್ತರ ಕೊಡಬೇಕು. ಗಾಣ ಹೂಡುವವರು ಬೆಂಡೆಯ ಗಿಡದ ಲೋಳೆಯಿಂದ ಮೈಲಿಗೆ ತೆಗೆದ ಕಂದು ಬೆಲ್ಲಕ್ಕೆ ಅಡತಿಯವನು ಎಷ್ಟು ಕಡಿಮೆ ಕಟ್ಟುವನೆಂಬದನ್ನು ಹಂಗಾಮದ ಮೊದಲೇ ವಿಚಾರಿಸಿ, ಆ ನಷ್ಟವನ್ನು ಮನೆಯವರೊಡನೆ ಕೂತು ಲೆಕ್ಕ ಹಾಕಿಕೊಂಡಿರಬೇಕು. ಕೊಪ್ಪರಿಗೆ ಕುದಿಯುವಾಗ ಆ ಲೆಕ್ಕಕ್ಕೆ ಹೊತ್ತಿರುವದಿಲ್ಲ, ಪುಡಿಯ ಡಬ್ಬಿಯಾದರೋ ಕೈಗೆ ಸಮೀಪದಲ್ಲಿಯೇ ಇರುತ್ತದೆ.