ಚಳಿಗೆ ಬೈಯೋ ಮುಂಚೆ ಸೆಕೆಂಡ್ ಎಣಿಸಿ

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ನಾಲ್ಕು ಜನ ಕ್ಲಾಸ್‌ಮೇಟ್ಸ್ ಹರಪನಹಳ್ಳಿ ತಾಲ್ಲೂಕಿನ ನೀಲಗುಂದಕ್ಕೆ ಹೋಗಿದ್ವಿ. ಪ್ಲಾನ್ ಇದ್ದಿದ್ದು ಚಾಲುಕ್ಯರ ಕಾಲದ ಭೀಮೇಶ್ವರ ದೇವಸ್ಥಾನ ನೋಡೋದು. ಆದರೆ ಮೊದಲ ಎರಡು ದಿನ ಕಳೆದಿದ್ದು ನಮ್ಮಲ್ಲೊಬ್ಬನ ದೊಡ್ಡಪ್ಪನ ಹಳೇ ಆಟೋಮ್ಯಾಟಿಕ್ ಕಾರಿನ ಜೊತೆ.

ದೊಡ್ಡಪ್ಪನ ಎಡಗಾಲಲ್ಲಿ ಬಲ ಇಲ್ಲ, ಕ್ಲಚ್ ತುಳಿಯೋಕೆ ಆಗಲ್ಲ. ಈ ಕಾರು ಇದ್ದರೆ ಮಾತ್ರ ಅವರು ಯಾರನ್ನೂ ಕೇಳದೆ ಪೇಟೆಗೆ ಹೋಗಿ ಬರಬಹುದು. ಅದಕ್ಕೀಗ ಹದಿನೆಂಟು ವರ್ಷ. ಬೆಳಗ್ಗೆ ‘ಡಿ’ಗೆ ಹಾಕಿದರೆ ಸ್ವಲ್ಪ ಹೊತ್ತು ಏನೂ ಆಗಲ್ಲ, ಆಮೇಲೆ ‘ದಬ್’ ಅಂತ ಒದ್ದು ಹೊರಡುತ್ತೆ. ಬಿಸಿಯಾದ ಮೇಲೆ ಪರವಾಗಿಲ್ಲ. "ಮುಂಜಾನಿ ಎದ್ದು ನಿಲ್ಲಾಕ ನನ್ನಂಗ ತಡ ಮಾಡ್ತೈತಿ ನೋಡ್ರಪ್ಪಾ" ಅಂತ ಅವರು ನಗ್ತಿದ್ರು. ಗ್ಯಾರೇಜಲ್ಲಿ ಮಾತ್ರ "ಗೇರ್‌ಬಾಕ್ಸ್ ಹೋಗಿದೆ, ಮಾರಿಬಿಡಿ" ಅಂದಿದ್ರಂತೆ.

ತಡ ಯಾಕೆ ಆಗುತ್ತೆ?

ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಒತ್ತೋದು ಕಾಲಲ್ಲ, ಎಣ್ಣೆಯ ಒತ್ತಡ. ಎಂಜಿನ್ ಜೊತೆ ತಿರುಗೋ ಪಂಪ್, ಫಿಲ್ಟರ್ ಮೂಲಕ ಎಟಿಎಫ್ ಎಳೆದುಕೊಳ್ಳುತ್ತೆ. ವಾಲ್ವ್ ಬಾಡಿ ಅದನ್ನ ಸರಿಯಾದ ಕ್ಲಚ್‌ಗೆ ಕಳಿಸುತ್ತೆ. ಅಲ್ಲಿನ ಪಿಸ್ಟನ್ ಮುಂದೆ ಸರಿದು ಕ್ಲಚ್ ಪ್ಲೇಟ್‌ಗಳನ್ನ ಒತ್ತಿ ಹಿಡಿಯುತ್ತೆ. ಆ ಪಿಸ್ಟನ್ ಸುತ್ತ ರಬ್ಬರ್ ಸೀಲ್ ಇರುತ್ತೆ. ಅಂದರೆ ನಾವು ಕಾಯೋ ಸಮಯ = ತುಂಬಬೇಕಾದ ಜಾಗ ÷ ಬರುವ ಎಣ್ಣೆಯ ಫ್ಲೋ. ಪಂಪ್‌ಗೆ ಎಣ್ಣೆ ಕಮ್ಮಿ ಸಿಕ್ಕರೂ ತಡ, ಸೀಲ್ ಪಕ್ಕ ಸೋರಿದರೂ ತಡ.

ಹಾಗಾದ್ರೆ ಚಳಿಯ ಪಾತ್ರ ಏನು? ಎಟಿಎಫ್ ತಣ್ಣಗಾದಾಗ ಗಟ್ಟಿಯಾಗೋದು ನಿಜ. ಸಾಮಾನ್ಯ ಹಳೇ ಎಟಿಎಫ್‌ನ ವಿಸ್ಕಾಸಿಟಿ 100 ಡಿಗ್ರಿಯಲ್ಲಿ ಸುಮಾರು 7 ಸೆಂಟಿಸ್ಟೋಕ್ಸ್, 40 ಡಿಗ್ರಿಯಲ್ಲಿ ಸುಮಾರು 35. ಆದರೆ ಡೆಕ್ಸ್‌ರಾನ್ ತರದ ಸ್ಪೆಸಿಫಿಕೇಶನ್‌ಗಳು ಎಟಿಎಫ್ ಅನ್ನು ಮೈನಸ್ 40 ಡಿಗ್ರಿಯಲ್ಲೂ ಟೆಸ್ಟ್ ಮಾಡಿಸುತ್ತವೆ! ಕೆನಡಾದ ಜನವರಿಯಲ್ಲಿ ಗೇರ್ ಸ್ವಲ್ಪ ತಡ ಮಾಡಿದರೆ ಚಳಿ ಅನ್ನಬಹುದು. ನೀಲಗುಂದದ ಅಂಗಳದಲ್ಲಿ ಅವತ್ತು ಬೆಳಗ್ಗೆ ಇದ್ದಿದ್ದು 16 ಡಿಗ್ರಿ. ಅದಕ್ಕೇ ನಾವು ಕಲಿತ ಮೊದಲ ಪಾಠ: ನಮ್ಮ ಕಡೆಯ ಚಳಿ ರೋಗ ತರಲ್ಲ, ಇರೋ ರೋಗವನ್ನ ತೋರಿಸುತ್ತೆ. ವಯಸ್ಸಾದ ರಬ್ಬರ್ ತಣ್ಣಗಿದ್ದಾಗ ಬಿರುಸಾಗಿ ಗೋಡೆಗೆ ಸರಿಯಾಗಿ ಅಂಟಲ್ಲ, ಬಿಸಿಯಾದ ಮೇಲೆ ಮೆತ್ತಗಾಗಿ ಕೂರುತ್ತೆ. ಕಟ್ಟಿದ ಫಿಲ್ಟರ್ ಮೂಲಕ ಗಟ್ಟಿ ಎಣ್ಣೆ ಎಳೆಯೋಕೂ ಪಂಪ್ ಒದ್ದಾಡುತ್ತೆ.

ನಾವು ಅಳೆದಿದ್ದು ಹೀಗೆ

ಸಮತಟ್ಟಾದ ಜಾಗ, ಗಾಲಿಗೆ ಕಲ್ಲು, ಹ್ಯಾಂಡ್‌ಬ್ರೇಕ್, ಫುಟ್‌ಬ್ರೇಕ್, ಮುಂದೆ ಹಿಂದೆ ಯಾರೂ ನಿಂತಿರಬಾರದು. ಎಂಜಿನ್ ಐಡಲ್‌ನಲ್ಲಿ ಇರಲಿ. ‘ಎನ್’ನಿಂದ ‘ಡಿ’ಗೆ ಹಾಕಿದ ಕ್ಷಣದಿಂದ ಜರ್ಕ್ ಬರೋವರೆಗೆ ಸ್ಟಾಪ್‌ವಾಚ್. ‘ಆರ್’ಗೂ ಹಾಗೇ. ಒಂದೊಂದು ಸಲಕ್ಕೂ ಒಂದು ನಿಮಿಷ ಗ್ಯಾಪ್, ಮೂರು ಸಲದ ಸರಾಸರಿ. ಹಲವು ಹಳೇ ಸರ್ವಿಸ್ ಮ್ಯಾನ್ಯುಯಲ್‌ಗಳ ಪ್ರಕಾರ ಎಣ್ಣೆ ಬಿಸಿ ಇದ್ದಾಗ ‘ಡಿ’ಗೆ 1.2, ‘ಆರ್’ಗೆ 1.5 ಸೆಕೆಂಡ್‌ಗಿಂತ ಕಮ್ಮಿ ಬರಬೇಕು.

ನಮಗೆ ತಣ್ಣಗಿದ್ದಾಗ ಬಂದಿದ್ದು: ‘ಡಿ’ 4.1, ‘ಆರ್’ 2.3. ಬಿಸಿಯಾದ ಮೇಲೆ: ‘ಡಿ’ 1.8, ‘ಆರ್’ 1.6.

ಇದನ್ನ ಓದೋದು ಹೇಗೆ? ಎರಡೂ ತಡ ಆದರೆ ಎರಡಕ್ಕೂ ಕಾಮನ್ ಆದದ್ದನ್ನ ನೋಡಿ: ಎಣ್ಣೆ ಮಟ್ಟ, ಫಿಲ್ಟರ್, ಪಂಪ್, ಪ್ರೆಶರ್ ರೆಗ್ಯುಲೇಟರ್. ‘ಡಿ’ ಮಾತ್ರ ತಡ ಆದರೆ ಫಾರ್ವರ್ಡ್ ಕ್ಲಚ್ ಸೀಲ್ ಮೇಲೆ ಅನುಮಾನ. ‘ಆರ್’ ಮಾತ್ರ ಆದರೆ ರಿವರ್ಸ್ ಕಡೆಯ ಕ್ಲಚ್ ಅಥವಾ ಬ್ರೇಕ್. ನಮ್ಮಲ್ಲಿ ಎರಡೂ ತಡ, ‘ಡಿ’ ಇನ್ನೂ ಜಾಸ್ತಿ.

ಡಿಪ್‌ಸ್ಟಿಕ್ ತೆಗೆದ್ವಿ. (ಕೆಲವು ಕಾರಲ್ಲಿ ಎಂಜಿನ್ ಓಡುವಾಗ ನೋಡಬೇಕು, ಕೆಲವದರಲ್ಲಿ ಆಫ್ ಮಾಡಿ. ಮ್ಯಾನ್ಯುಯಲ್ ಓದಿ.) ಎಣ್ಣೆ ಗುರುತಿಗಿಂತ ಕೆಳಗಿತ್ತು, ಬಣ್ಣ ಕಂದು, ಸುಟ್ಟ ವಾಸನೆ ಇರಲಿಲ್ಲ. ಕೂಲರ್ ಹೋಸ್‌ನ ಕ್ಲಾಂಪ್ ಹತ್ತಿರ ಒದ್ದೆ. ಎಟಿಎಫ್ ಪೆಟ್ರೋಲ್ ತರ ಖರ್ಚಾಗೋ ವಸ್ತು ಅಲ್ಲ. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರಿದೆ ಅಂತಲೇ ಅರ್ಥ.

ಮಾರನೇ ದಿನ ಇನ್ನೊಬ್ಬ ಮೆಕ್ಯಾನಿಕ್ ಜೊತೆ ಕೂತು ಕ್ಲಾಂಪ್, ಫಿಲ್ಟರ್ ಬದಲಿಸಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್‌ನ ಎಣ್ಣೆಯನ್ನೇ ಹಾಕಿಸಿದ್ವಿ. ಪ್ಯಾನ್‌ನ ಮ್ಯಾಗ್ನೆಟ್ ಮೇಲೆ ಬರೀ ಬೂದು ಪೇಸ್ಟ್ ಇತ್ತು, ಅದು ಮಾಮೂಲಿ ಸವೆತ. ಲೋಹದ ಚೂರು ಸಿಕ್ಕಿದ್ದರೆ ಕಥೆಯೇ ಬೇರೆ ಆಗ್ತಿತ್ತು.

ಮೂರನೇ ಬೆಳಗ್ಗೆ, ಅದೇ ಚಳಿಯಲ್ಲಿ: ‘ಡಿ’ 2.2, ‘ಆರ್’ 1.4. ಬಿಸಿಯಾದ ಮೇಲೆ ‘ಡಿ’ 1.4, ‘ಆರ್’ 1.1.

ಅಂದರೆ ಪೂರ್ತಿ ವಾಸಿ ಆಗಿಲ್ಲ. ‘ಆರ್’ ಸರಿಹೋಯ್ತು, ‘ಡಿ’ಯಲ್ಲಿ ಉಳಿದ ತಡ ಬಹುಶಃ ಗಟ್ಟಿಯಾದ ಸೀಲ್‌ದು. ಅದನ್ನ ಬದಲಿಸೋಕೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚಲೇಬೇಕು. ಇದನ್ನ ದೊಡ್ಡಪ್ಪನಿಗೆ ಮುಚ್ಚಿಡದೆ ಹೇಳಿದ್ವಿ. ಜೊತೆಗೆ ಎರಡು ಮಾತು: ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಬಿಡಿ, ಗೇರ್ ಕೂರೋ ಮುಂಚೆ ಆಕ್ಸಿಲರೇಟರ್ ಒತ್ತಬೇಡಿ. ಇಷ್ಟು ದಿನ ಅವರು ಒತ್ತುತ್ತಿದ್ದರು. ಆ ‘ದಬ್’ ಬಹುಪಾಲು ಅದರಿಂದಲೇ ಬರ್ತಿತ್ತು. ಪ್ಲೇಟ್ ಸುಡೋದೂ ಹಾಗೇ.

ತಿಂಗಳಿಗೊಂದು ಸಲ ಈ ಸೆಕೆಂಡ್‌ಗಳನ್ನ ಎಣಿಸಿ ಕ್ಯಾಲೆಂಡರ್ ಮೇಲೆ ಬರೆದಿಡೋಕೆ ಅವರು ಒಪ್ಪಿದ್ದಾರೆ. ನಂಬರ್ ಏರೋಕೆ ಶುರುವಾದರೆ ದಾರಿಯಲ್ಲಿ ಕೈಕೊಡೋ ಮುಂಚೆಯೇ ಗೊತ್ತಾಗುತ್ತೆ. ನಿಮ್ಮ ಮನೆಯಲ್ಲೂ ಹಳೇ ಆಟೋಮ್ಯಾಟಿಕ್ ಇದ್ದರೆ "ಹೋಗಿದೆ" ಅನ್ನೋ ಮಾತು ನಂಬೋ ಮುಂಚೆ ಇಷ್ಟು ಮಾಡಿ ನೋಡಿ.

ದೇವಸ್ಥಾನ? ನೋಡಿದ್ವಿ, ಕೊನೇ ದಿನ ಸಂಜೆ. ಕಾರು ಓಡಿಸಿದ್ದು ದೊಡ್ಡಪ್ಪನೇ.